ದೊಡ್ಡಉಳ್ಳಾರ್ತಿಯ ಕಂಬಳಿಗೆ ಬಂದ ಫೈಬರ್

ಕೊರೊನಾ ಹಾವಳಿ ಮುಗಿದ ಮರುವರ್ಷ ನಾನು ಚಳ್ಳಕೆರೆಯಲ್ಲಿ ದೂರಸಂಪರ್ಕ ಸಂಸ್ಥೆಯೊಂದರ ಎಂಜಿನಿಯರ್. ಹಳ್ಳಿಗಳಿಗೆ ಆಪ್ಟಿಕಲ್ ಫೈಬರ್, ಅಂದರೆ ಬೆಳಕಿನ ಮೂಲಕ ಮಾಹಿತಿ ಸಾಗಿಸುವ ಗಾಜಿನ ಎಳೆ ಹಾಕಿಸುವುದು ನನ್ನ ಕೆಲಸ. ಇಂಟರ್ನೆಟ್ ಬಂದರೆ ಆರ್ಥಿಕತೆ ತಾನಾಗಿ ಬೆಳೆಯುತ್ತದೆ ಎಂದು ಸಭೆಗಳಲ್ಲಿ ಭಾಷಣ ಬಿಗಿಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ನಮ್ಮ ಸೀಮೆಯಲ್ಲಿ ತಾನಾಗಿ ಬೆಳೆಯುವುದು ಜಾಲಿ ಮಾತ್ರ.

ದೊಡ್ಡಉಳ್ಳಾರ್ತಿಯ ತಿಪ್ಪಕ್ಕ ಕುರಿ ಉಣ್ಣೆಯ ಕಂಬಳಿ ನೇಯುವವರು. ಮೊದಲೆಲ್ಲ ಸಂತೆಯ ವ್ಯಾಪಾರಿ ಹೇಳಿದ್ದೇ ಬೆಲೆ. ಫೈಬರ್ ಬಂದ ಮೇಲೆ ಮಗಳಿಂದ ಫೋಟೊ ಹಾಕಿಸಿ, ಬೆಂಗಳೂರಿನ ಅಂಗಡಿಯೊಂದಕ್ಕೆ ನೇರವಾಗಿ ಕಂಬಳಿ ಕಳಿಸಿದರು. ಅಷ್ಟೂ ವಾಪಸು ಬಂದವು. ಹಲಗೆಯಂತಿವೆ, ಯಾರೂ ಹೊದೆಯುವುದಿಲ್ಲ ಎಂಬ ದೂರು.

ನೂಲು ಗಟ್ಟಿಯಾಗಲೆಂದು ನೇಯುವ ಮೊದಲು ಹುಣಸೆ ಬೀಜದ ಗಂಜಿ ಹಚ್ಚುವುದು ಇಲ್ಲಿನ ರೂಢಿ. ಕಂಬಳಿ ಬಿರುಸಾದಷ್ಟೂ ಅದಕ್ಕೆ ಮರ್ಯಾದೆ. ಬೆಂಗಳೂರಿನವರು ದೊಡ್ಡ ಗಿರಾಕಿ ಎಂದು ತಿಪ್ಪಕ್ಕ ಪ್ರೀತಿಯಿಂದ, ನೇಯ್ದಾದ ಮೇಲೂ ಇನ್ನೊಂದು ಕೈ ಗಂಜಿ ಬಳಿದಿದ್ದರು! ನನಗೆ ನಗು ಬಂತು; ಅವರ ಮುಖ ನೋಡಿ ನುಂಗಿಕೊಂಡೆ. ಅಂಗಡಿಯ ಒಡತಿ ಕೊನೆಯದಾಗಿ ಒಂದು ವಿಡಿಯೊ ಕರೆಗೆ ಒಪ್ಪಿದ್ದರು. ಅದೂ ಕೆಟ್ಟರೆ ತಿಪ್ಪಕ್ಕನಿಗೆ ಮತ್ತೆ ಸಂತೆಯೇ ಗತಿ.

ಕರೆಯ ದಿನ ಬೆಳಿಗ್ಗೆ ರಸ್ತೆ ಅಗೆಯುತ್ತಿದ್ದ ಜೆಸಿಬಿ ನಮ್ಮ ಕೇಬಲ್ಲನ್ನೇ ಕತ್ತರಿಸಿತು. ತಿಪ್ಪಕ್ಕ ಫೋನ್ ಮಾಡಿದರು.

"ಸಾರ್, ನೆಟ್ ಹೋಗೈತೆ. ಮಧ್ಯಾಹ್ನ ಆಯಮ್ಮ ಕಾಯ್ತಾರೆ."

ಜೆಸಿಬಿಯವನಿಗೆ ಬಾಯಿ ತುಂಬ ಬೈದು, ಊರಾಚೆಯ ಹುಲ್ಲುಗಾವಲಿನ ಬಿಸಿಲಲ್ಲಿ ಸ್ಪ್ಲೈಸಿಂಗ್‌ಗೆ ಕೂತೆ. ಕೂದಲೆಳೆಯಂಥ ಗಾಜಿನ ಎಳೆಗಳನ್ನು ಕಾಯಿಸಿ ಬೆಸೆಯುವ ಕೆಲಸವದು. ಒಂದು ಕಣ ಧೂಳು ಕೂತರೂ ಮತ್ತೆ ಮೊದಲಿಂದ. ಬೆಸುಗೆ ಮುಗಿಸಿ ತಿಪ್ಪಕ್ಕನ ಮನೆ ಮುಟ್ಟಿದಾಗ ಮೋಡೆಮ್ಮಿನ ದೀಪ ಹಸಿರಾಗಿತ್ತು, ಕರೆಯೂ ಬಂದಿತ್ತು.

ವಾಪಸು ಬಂದ ಕಂಬಳಿಯೊಂದನ್ನು ತಿಪ್ಪಕ್ಕ ಮೊದಲೇ ತೊಳೆದು ಒಣಗಿಸಿಟ್ಟಿದ್ದರು. ಫೋನಿನ ಮುಂದೆ ಅದನ್ನು ಮುಷ್ಟಿಯಲ್ಲಿ ಹಿಂಡಿದರು. ಮೆತ್ತಗೆ ಮುದುಡಿತು. ಒಡತಿಗೆ ಹಿಡಿಸಿತು. ಹಾಗಾದರೆ ಗಂಜಿಯೇ ಬೇಡ ಎಂದರು.

"ಗಂಜಿ ಇಲ್ದೆ ನೇಯಾಕಾಗಲ್ಲ ತಾಯಿ, ನೂಲು ಕಿತ್ಕಂಡು ಹೋಗ್ತವೆ. ನೇಯ್ದ್ ಮ್ಯಾಲೆ ತೊಳ್ದು ಕಳಿಸ್ತೀನಿ. ತೊಳ್ದಿದ್ದಕ್ಕೆ ರೇಟು ಬ್ಯಾರೆ."

ಒಡತಿ ಜೋರಾಗಿ ನಕ್ಕು ಒಪ್ಪಿದರು. ಆ ಹೊತ್ತು ನನಗಾದ ಖುಷಿ ಯಾವ ಬಡ್ತಿಯಲ್ಲೂ ಆಗಿರಲಿಲ್ಲ. ಆ ಚಳಿಗಾಲ ತಿಪ್ಪಕ್ಕ ಒಬ್ಬರೇ ನೇಯ್ದು ಮುಗಿಸಲಾಗದೆ ಅಕ್ಕಪಕ್ಕದ ಮಗ್ಗಗಳಿಗೂ ಕೆಲಸ ಹಂಚಿದರು.

ನನ್ನ ವೃತ್ತಿ ಕಲಿಸಿದ್ದನ್ನು ನೇರವಾಗಿ ಹೇಳುತ್ತೇನೆ. ಕೇಬಲ್ ಊರು ಮುಟ್ಟಿದರೆ ನಮ್ಮ ಕೆಲಸ ಅರ್ಧ ಆದಂತೆ. ನೇಯುವವರು ಕೊಳ್ಳುವವರ ಮುಂದೆ ಕೂತು ತಮ್ಮ ಬೆಲೆಯನ್ನು ತಾವೇ ಹೇಳಿದ ದಿನ ಉಳಿದರ್ಧ ಆಗುತ್ತದೆ. ಈಗ ಸಂತೆಯ ವ್ಯಾಪಾರಿ ತಿಪ್ಪಕ್ಕನ ಬಾಗಿಲಿಗೇ ಬಂದು, ರೇಟು ಎಷ್ಟು ಅಂತ ಕೇಳುತ್ತಾನೆ.