ಆಮೇಲೆ ಬಾ ಎಂದವರ ಬಾಗಿಲಲ್ಲಿ

ಬೆಳಗಿನ ಐದೂ ಹತ್ತು. ಮೂರನೇ ಮಹಡಿಯ ಉದ್ದನೆಯ ಕೋಣೆಯಲ್ಲಿ ಇಪ್ಪತ್ತೆರಡು ಮೇಜುಗಳಿವೆ, ಒಂದರ ಮೇಲೆ ಮಾತ್ರ ದೀಪ ಉರಿಯುತ್ತಿದೆ. ಅಲ್ಲಿ ಕುಳಿತ ಹೆಂಗಸು ಚಪ್ಪಲಿ ಕಳಚಿ, ಪಾದಗಳನ್ನು ಕುರ್ಚಿಯ ಅಡ್ಡಪಟ್ಟಿಯ ಮೇಲಿಟ್ಟು, ಪರದೆಯ ಮೇಲೆ ಏರುತ್ತಿರುವ ಸಾಲುಗಳನ್ನು ನೋಡುತ್ತಿದ್ದಾರೆ. ಹಸಿರು ಸಾಲು ಎಂದರೆ ಇಮೇಲ್ ತಲುಪಿತು. ಹಳದಿ ಎಂದರೆ ‘ಈಗ ಬೇಡ, ಆಮೇಲೆ ಬಾ’. ಕೆಂಪು ಎಂದರೆ ಬಾಗಿಲು ಮುಚ್ಚಿತು. ಇವತ್ತು ಕಣ್ಣು ಹಾಯಿಸಿದಲ್ಲೆಲ್ಲ ಹಳದಿ.

ಆಫೀಸಿನಲ್ಲಿ ಇವರಿಗೆ ಟಪಾಲಕ್ಕ ಎಂದೇ ಹೆಸರು. ಆಸ್ಪತ್ರೆ, ಕಾಲೇಜು, ಅಂಗಡಿಗಳು ತಮ್ಮ ಜನರಿಗೆ ಕಳಿಸಬೇಕಾದ ಇಮೇಲ್‌ಗಳನ್ನು ಕಳಿಸಿಕೊಡುವುದು ಈ ಕಂಪನಿಯ ಉದ್ಯೋಗ. ದಿನಕ್ಕೆ ಎರಡು ಲಕ್ಷ ಅರವತ್ತು ಸಾವಿರ. ಅವು ದಾರಿಯಲ್ಲಿ ಸಿಕ್ಕಿಕೊಳ್ಳದೆ, ಸ್ಪ್ಯಾಮ್ ಡಬ್ಬಕ್ಕೂ ಬೀಳದೆ ಜನರ ಕಣ್ಣಿಗೆ ಬೀಳುವಂತೆ ನೋಡಿಕೊಳ್ಳುವುದು ಟಪಾಲಕ್ಕನ ಹೊಣೆ.

ಫೋನು ಬಡಿದುಕೊಳ್ಳುತ್ತದೆ. ಆಸ್ಪತ್ರೆಯ ಹಿರಿಯ ನರ್ಸ್.

“ಅಕ್ಕಾ, ನೀರಿನ ಪೈಪ್ ಒಡೆದುಹೋಗಿದೆ. ಇಲ್ಲಿ ಡಯಾಲಿಸಿಸ್ ಆಗಲ್ಲ. ಬೆಳಗಿನ ಸರದಿಯೋರನ್ನೆಲ್ಲ ಸೇತುವೆ ಆಚೆ ಕಟ್ಟಡಕ್ಕೆ ಕಳಿಸ್ಬೇಕು. ನೂರ ಅರವತ್ತೆರಡು ಜನ. ಏಳಕ್ಕೆಲ್ಲ ಮನೆ ಬಿಡ್ತಾರೆ.”

“ಫೋನ್ ಮಾಡ್ತಿದೀರಾ?”

“ನಾವಿಬ್ಬರೇ ಇರೋದು. ಗೊತ್ತಿಲ್ಲದ ನಂಬರ್ ಅಂತ ಅರ್ಧ ಜನ ಎತ್ತೋದೇ ಇಲ್ಲ.”

“ಪಟ್ಟಿ ಕಳಿಸಿ. ಏಳರೊಳಗೆ ತಲುಪ್ಸೋದು ನನ್ನ ಜವಾಬ್ದಾರಿ.”

ಫೋನಿಟ್ಟ ಮೇಲೆ ಮಾತ್ರ ಟಪಾಲಕ್ಕ ಒಂದು ನಿಟ್ಟುಸಿರು ಬಿಡುತ್ತಾರೆ. ರಾತ್ರಿ ಮಾರಾಟ ವಿಭಾಗದವರು ಅವರನ್ನು ಕೇಳದೆಯೇ ಒಂದು ಸೋಫಾ ಅಂಗಡಿಯ ಜಾಹೀರಾತನ್ನು ತೊಂಬತ್ತು ಸಾವಿರ ಜನರಿಗೆ ತಳ್ಳಿದ್ದಾರೆ. ನಿದ್ದೆಗಣ್ಣಿನಲ್ಲಿ ಫೋನ್ ನೋಡಿದವರು ಸಿಟ್ಟಿಗೆದ್ದು ‘ಸ್ಪ್ಯಾಮ್’ ಒತ್ತಿದ್ದಾರೆ. ಹಾಗೆ ಒತ್ತಿದಷ್ಟೂ ಇಮೇಲ್ ಪಡೆಯುವ ಕಂಪನಿಗಳಿಗೆ ಕಳಿಸಿದವರ ಮೇಲೆ ಅನುಮಾನ. ಸೋಫಾ ಹೋಗುವುದೂ ಆಸ್ಪತ್ರೆಯ ಸುದ್ದಿ ಹೋಗುವುದೂ ಒಂದೇ ಸರ್ವರಿನಿಂದ, ಒಂದೇ ವಿಳಾಸದ ಗುರುತಿನಿಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ಸೋಫಾದ ತಪ್ಪಿಗೆ ರೋಗಿಗಳ ಇಮೇಲ್ ನಿಲ್ಲುವ ಹೊತ್ತು ಬಂದಿದೆ.

ಕೋಟಿಗಟ್ಟಲೆ ಜನರ ಇನ್‌ಬಾಕ್ಸ್ ಇಟ್ಟುಕೊಂಡಿರುವ ದೊಡ್ಡ ಕಂಪನಿಗಳನ್ನು ಟಪಾಲಕ್ಕ ‘ಬೀಗರು’ ಎನ್ನುತ್ತಾರೆ. ಹಿರೇ ಬೀಗರು, ನಡು ಬೀಗರು, ಕಿರಿ ಬೀಗರು. ಯಾಕೆಂದು ಪಕ್ಕದಲ್ಲಿ ಕುಳಿತ ನನಗೆ ಬಿಡಿಸಿ ಹೇಳುತ್ತಾರೆ.

“ಹೆಣ್ಣು ಕೊಟ್ಟ ಮನೆ ಇದ್ದ ಹಾಗೆ. ಅವರಿಗೆ ನಾವು ಬೇಕಾಗಿಲ್ಲ, ನಮಗೆ ಅವರು ಬೇಕು. ಹಿರೇ ಬೀಗರ ಮನೆಗೆ ಒಂದೇ ಸಲಕ್ಕೆ ಇಪ್ಪತ್ತು ಕನೆಕ್ಷನ್ ತೆಗೀಬಹುದು. ಇಪ್ಪತ್ತು ಜನ ಬಾಗಿಲಲ್ಲಿ ನಿಂತು ಇಮೇಲ್ ಕೊಟ್ಟ ಹಾಗೆ. ಇಪ್ಪತ್ತೊಂದನೆಯವನು ಬಂದ್ರೆ ಮುಖ ಗಂಟು ಹಾಕ್ಕೋತಾರೆ. ಈ ಲೆಕ್ಕ ಅವರೇನೂ ಬರೆದು ಕೊಡಲ್ಲ. ಮುಖ ನೋಡಿ ನಾವೇ ತಿಳ್ಕೋಬೇಕು.”

ನೂರ ಅರವತ್ತೆರಡು ರೋಗಿಗಳಲ್ಲಿ ತೊಂಬತ್ತೇಳು ಮಂದಿಯ ಇನ್‌ಬಾಕ್ಸ್ ಇರುವುದು ಈಗ ಹಳದಿ ತೋರಿಸುತ್ತಿರುವ ಹಿರೇ ಬೀಗರ ಮನೆಯಲ್ಲೇ. ಉಳಿದವರದನ್ನು ಟಪಾಲಕ್ಕ ಆಗಲೇ ಕಳಿಸಿದ್ದಾರೆ, ಎಲ್ಲ ಹಸಿರು. ಈಗ ಸೋಫಾದ ಸಾಲನ್ನು ತಡೆಹಿಡಿದು, ಹಿರೇ ಬೀಗರ ಕಡೆಯ ಕನೆಕ್ಷನ್‌ಗಳನ್ನು ಇಪ್ಪತ್ತರಿಂದ ಸೊನ್ನೆಗೆ ಇಳಿಸುತ್ತಾರೆ. ಪರದೆ ಸ್ತಬ್ಧ. ಗಡಿಯಾರ ಐದೂ ಐವತ್ತು.

ಐದೇ ನಿಮಿಷಕ್ಕೆ ಮ್ಯಾನೇಜರ್ ಸಾಹೇಬರ ಫೋನು. ಟಪಾಲಕ್ಕನಿಗಿಂತ ಹತ್ತು ವರ್ಷ ಚಿಕ್ಕವರು.

“ಅಕ್ಕಾ, ಏನೂ ಹೋಗ್ತಾನೇ ಇಲ್ವಲ್ಲ! ಕನೆಕ್ಷನ್ ನಲವತ್ತು ಮಾಡಿ.”

“ನಾನೇ ನಿಲ್ಸಿರೋದು ಸಾರ್.”

“ನಿಲ್ಸೋದಾ? ಸೋಫಾದವರು ಎದ್ದ ತಕ್ಷಣ ನನ್ನ ಮುಖಕ್ಕೆ ಉಗೀತಾರೆ.”

“ಮುನಿಸ್ಕೊಂಡವರ ಮನೆ ಬಾಗಿಲನ್ನ ನಲವತ್ತು ಜನ ಸೇರಿ ಬಡಿದ್ರೆ ತೆಗೀತಾರಾ, ಚಿಲಕ ಹಾಕ್ತಾರಾ? ಅರ್ಧ ಗಂಟೆ ಸುಮ್ನಿರೋಣ. ಮೊದಲು ಆಸ್ಪತ್ರೆದು ಹೋಗ್ಲಿ. ಸೋಫಾ ಹಳಸಲ್ಲ ಸಾರ್.”

“ಆಯ್ತು ಅಕ್ಕಾ, ನಿಮ್ಮಿಷ್ಟ.”

ಅರ್ಧ ಗಂಟೆ ಏನೂ ಮಾಡದೆ ಕೂರುವುದೇ ಈ ಕೆಲಸದ ಕಷ್ಟದ ಭಾಗ. ಟಪಾಲಕ್ಕ ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಳ್ಳುತ್ತಾರೆ. ಬೇಕರಿಯಲ್ಲಿ ಕೆಲಸ ಮಾಡುವ ಗಂಡ ಮೂರು ಗಂಟೆಗೆ ಮನೆ ಬಿಡುವ ಮುನ್ನ ತುಂಬಿಸಿಟ್ಟ ಚಹಾ ಅದು. “ನಿಮ್ಮಮ್ಮ ಏನು ಕೆಲಸ ಮಾಡ್ತಾರೆ ಅಂತ ಯಾರಾದ್ರೂ ಕೇಳಿದ್ರೆ, ‘ಕಾಯ್ತಾರೆ’ ಅಂತಾಳೆ ನನ್ನ ಮಗಳು. ಸುಳ್ಳೇನಲ್ಲ ಬಿಡಿ.”

ಹತ್ತನೇ ತರಗತಿಗೆ ಓದು ನಿಲ್ಲಿಸಿದ ಇವರು ಇದೇ ಕಂಪನಿಗೆ ಬಂದದ್ದು ಲಕೋಟೆಗೆ ಅಂಟು ಹಚ್ಚಲು. ಆಗ ಎಲ್ಲವೂ ಕಾಗದದಲ್ಲೇ ಹೋಗುತ್ತಿತ್ತು. ಕಾಗದ ನಿಂತಾಗ ಏಳು ಹೆಂಗಸರಲ್ಲಿ ಆರು ಮಂದಿಯನ್ನು ಮನೆಗೆ ಕಳಿಸಿದರು. ತಪ್ಪು ವಿಳಾಸವನ್ನು ನೋಡಿದ ಕೂಡಲೇ ಹಿಡಿಯುತ್ತಾರೆಂದು ಇವರನ್ನು ಉಳಿಸಿಕೊಂಡರು. ಸರ್ವರ್ ಕೊಡುವ ಒಂದೊಂದು ಉತ್ತರವನ್ನೂ ನೋಟ್‌ಬುಕ್ಕಿನಲ್ಲಿ ಬರೆದು, ಅರ್ಥ ಕೇಳಿ ಕೇಳಿ ಕಲಿತರು. ಅಂಥ ಹನ್ನೊಂದು ನೋಟ್‌ಬುಕ್ಕುಗಳು ಮೇಜಿನ ಕೆಳಗಿವೆ. ಈಗಲೂ ದಿನಕ್ಕೆ ಸುಮಾರು ಮುನ್ನೂರು ಸತ್ತ ವಿಳಾಸಗಳನ್ನು ಪಟ್ಟಿಯಿಂದ ಕಿತ್ತುಹಾಕುತ್ತಾರೆ. ಜನವಿಲ್ಲದ ಮನೆಯ ಬಾಗಿಲನ್ನು ಮತ್ತೆ ಮತ್ತೆ ತಟ್ಟಿದರೂ ಬೀಗರಿಗೆ ಅನುಮಾನ ಬರುತ್ತದಂತೆ.

ನಾಲ್ಕನೇ ನೋಟ್‌ಬುಕ್ಕಿನ ಒಂದು ಪುಟದ ಮೂಲೆ ಮಡಿಚಿದೆ. ಕೇಳಿದರೆ ಮುಚ್ಚಿಡದೆ ಹೇಳುತ್ತಾರೆ.

“ಪ್ರವೇಶ ಪರೀಕ್ಷೆ ನಡೆಯೋ ಜಾಗ ಬದಲಾಗಿತ್ತು. ಮೂರು ಸಾವಿರ ಮಕ್ಕಳಿಗೆ ತಿಳಿಸ್ಬೇಕಿತ್ತು. ಹೀಗೇ ಹಳದಿ ಬಂತು. ನಾನು ಗಾಬರಿಬಿದ್ದು ಕನೆಕ್ಷನ್ ನೂರಕ್ಕೆ ಏರಿಸ್ದೆ. ನಿಮಿಷಕ್ಕೊಂದು ಸಲ ಮತ್ತೆ ಮತ್ತೆ ಕಳಿಸ್ದೆ. ಮಧ್ಯಾಹ್ನಕ್ಕೆ ಎಲ್ಲಾ ಕೆಂಪು. ಎರಡು ದಿನ ಬಾಗಿಲೇ ತೆಗೀಲಿಲ್ಲ. ಕೂತು ಫೋನ್ ಮಾಡಿದ್ವಿ, ಗಂಟಲು ಕಟ್ಟೋವರೆಗೂ. ಆದ್ರೂ ಇಬ್ಬರು ಮಕ್ಕಳು ಹಳೇ ಜಾಗಕ್ಕೆ ಹೋಗಿ ಪರೀಕ್ಷೆ ತಪ್ಪಿಸ್ಕೊಂಡ್ರು. ಆ ಇಬ್ಬರ ಹೆಸರು ಇಲ್ಲಿ ಬರ್ಕೊಂಡಿದೀನಿ.”

ಅವರು ಪುಟ ಮುಚ್ಚುತ್ತಾರೆ. ಆರೂ ಇಪ್ಪತ್ತು.

ಟಪಾಲಕ್ಕ ಎರಡೇ ಎರಡು ಕನೆಕ್ಷನ್ ತೆರೆಯುತ್ತಾರೆ. ಮೊದಲ ಇಮೇಲ್ ಹೊರಡುತ್ತದೆ. ಹಸಿರು. ಎರಡನೆಯದೂ ಹಸಿರು. ಒಂದೊಂದರ ನಡುವೆ ನಾಲ್ಕು ಸೆಕೆಂಡಿನ ಬಿಡುವು. ಐವತ್ತು ದಾಟಿದ ಮೇಲೆ ಥಟ್ಟನೆ ಒಂದು ಹಳದಿ ಬರುತ್ತದೆ. ಅವರ ಬೆರಳು ಕೀಲಿಯ ಮೇಲೆ ಹೋಗಿ, ಅಲ್ಲೇ ನಿಂತು, ಹಿಂದಕ್ಕೆ ಬರುತ್ತದೆ. ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಹತ್ತು ನಿಮಿಷ ಕೂರುತ್ತಾರೆ. ಚಹಾದ ಲೋಟ ಮುಟ್ಟದೆ ಆರುತ್ತದೆ. ಆಮೇಲೆ ಒಂದೇ ಕನೆಕ್ಷನ್. ಹಸಿರು, ಹಸಿರು, ಹಸಿರು.

ಆರೂ ಮೂವತ್ತೊಂಬತ್ತಕ್ಕೆ ತೊಂಬತ್ತೇಳನೆಯದು ತಲುಪುತ್ತದೆ. ಟಪಾಲಕ್ಕ ಚಪ್ಪಲಿ ಹಾಕಿಕೊಳ್ಳುತ್ತಾರೆ.

ಎಂಟೂವರೆಗೆ ನರ್ಸ್ ಮತ್ತೆ ಫೋನ್ ಮಾಡುತ್ತಾರೆ. ಹಳೆಯ ಕಟ್ಟಡಕ್ಕೆ ಬಂದವರು ಇಬ್ಬರೇ, ಅವರನ್ನು ಆಸ್ಪತ್ರೆಯ ವ್ಯಾನಿನಲ್ಲಿ ಆಚೆ ಕಳಿಸಿದ್ದಾಯಿತು. ಅಷ್ಟರಲ್ಲಿ ಮ್ಯಾನೇಜರ್ ಸಾಹೇಬರೂ ಬಂದಿದ್ದಾರೆ. ಆಸ್ಪತ್ರೆಗೆ ಬೇರೆಯೇ ಸರ್ವರ್, ಬೇರೆಯೇ ವಿಳಾಸ ಕೊಡಿ ಎಂದು ಟಪಾಲಕ್ಕ ಎರಡು ವರ್ಷಗಳಿಂದ ಕೇಳುತ್ತಿದ್ದಾರೆ. ಸಾಹೇಬರು ತಲೆ ಕೆರೆದುಕೊಂಡು, “ಇದೇ ವಾರ ಮಾಡಿಸ್ತೀನಿ ಅಕ್ಕಾ” ಎನ್ನುತ್ತಾರೆ. “ಬಾಯಿಮಾತು ಬೇಡ ಸಾರ್, ಇಮೇಲ್ ಹಾಕಿ. ಅದು ತಲುಪುತ್ತೆ ಅನ್ನೋ ಗ್ಯಾರಂಟಿ ನಂದು,” ಎಂದು ಟಪಾಲಕ್ಕ ನಗುತ್ತಾರೆ.

ಬೆಳಗಿನ ಕೊನೆಯ ಕೆಲಸ ಒಂದಿದೆ. ‘ದಯವಿಟ್ಟು ಇದಕ್ಕೆ ಉತ್ತರಿಸಬೇಡಿ’ ಎಂದು ಪ್ರತಿ ಇಮೇಲಿನ ಕೆಳಗೂ ಬರೆದಿರುತ್ತದೆ. ಆದರೂ ಜನ ಉತ್ತರಿಸುತ್ತಾರೆ. ಯಾರೂ ಓದದ ಆ ಪೆಟ್ಟಿಗೆಯನ್ನು ಟಪಾಲಕ್ಕ ದಿನವೂ ತೆರೆದು ಓದುತ್ತಾರೆ. ಒಬ್ಬರು ಬರೆದಿದ್ದಾರೆ: ‘ನಿಮ್ಮ ಸೋಫಾ ನಿಮ್ಮ ತಲೆ ಮೇಲೆ ಇಟ್ಕೊಳ್ಳಿ.’ ಅವರ ವಿಳಾಸವನ್ನು ಕೂಡಲೇ ಜಾಹೀರಾತಿನ ಪಟ್ಟಿಯಿಂದ ತೆಗೆಯುತ್ತಾರೆ. ಅದರ ಕೆಳಗೆ, ಆರೂ ಐವತ್ತೆರಡಕ್ಕೆ ಬಂದ ಇನ್ನೊಂದು: ‘ಸಿಕ್ತು. ಅಪ್ಪನ್ನ ಸೇತುವೆ ಆಚೆಗೇ ಕರ್ಕೊಂಡು ಹೋಗ್ತಿದೀವಿ.’

ಅದನ್ನು ಎರಡು ಸಲ ಓದುತ್ತಾರೆ.

“ಇದಕ್ಕೆ ಉತ್ತರ ಬರೆಯೋಕೆ ನಮಗೆ ಅನುಮತಿ ಇಲ್ಲ. ಕೊಟ್ರೆ ಚೆನ್ನಾಗಿತ್ತು.”

ಕೊಟ್ಟರೆ ಏನು ಬರೆಯುತ್ತೀರಿ ಎಂದು ಕೇಳುತ್ತೇನೆ.

“ಹುಷಾರಾಗಿ ಹೋಗ್ಬನ್ನಿ ಅಂತ. ಅಷ್ಟೇ.” ಮಾನಿಟರ್ ಆರಿಸುತ್ತಾ ಹೇಳುತ್ತಾರೆ, “ಅದಕ್ಕೆ ಒಂದೇ ಕನೆಕ್ಷನ್ ಸಾಕು.”