ಗಂಟೆ ಕೇಳದ ರಾಧಾ

ಬಸವರಾಜೇಶ್ವರಿ ರಾಯದುರ್ಗದ ಒಂದು ಜೀನ್ಸ್ ಫ್ಯಾಕ್ಟರಿಗೆ ಹೊಲಿಗೆ ಕೆಲಸಕ್ಕೆ ಸೇರಿ, ಹನ್ನೊಂದು ವರ್ಷಕ್ಕೆ ಸೂಪರ್‌ವೈಸರ್ ಆದವಳು. ಕಳೆದ ವರ್ಷ ಬೆಂಕಿ ಸುರಕ್ಷತೆಯ ಹೊಣೆಯೂ ಅವಳ ಹೆಗಲಿಗೇ ಬಿತ್ತು. ಕಲಿಸಲು ಬಂದವರು ಅಗ್ನಿಶಾಮಕ ದಳದಿಂದ ನಿವೃತ್ತರಾದ ಮಾರೇಶ. ಜನರನ್ನು ಯಾವ ಮೆಟ್ಟಿಲಿಂದ ಇಳಿಸಬೇಕು, ಹೊಗೆಯಲ್ಲಿ ಹೇಗೆ ಬಗ್ಗಿ ನಡೆಸಬೇಕು ಎಂದು ಅವರು ನಾಲ್ಕು ದಿನ ತೋರಿಸಿದರು. ಅವಳು ಒಂದು ಮಾತೂ ಬಿಡದೆ ಬರೆದುಕೊಂಡಳು.

ಐದನೆಯ ದಿನ ಮಾಕ್ ಡ್ರಿಲ್. ಗಂಟೆ ಹೊಡೆದ ನಾಲ್ಕೇ ನಿಮಿಷಕ್ಕೆ ಎಲ್ಲರೂ ಅಂಗಳದಲ್ಲಿದ್ದರು. ಬಸವರಾಜೇಶ್ವರಿ ಹಿಗ್ಗಿನಿಂದ ತಲೆ ಎಣಿಸಿದಳು. ಒಂದು ಕಡಿಮೆ.

ಮೇಲಕ್ಕೆ ಓಡಿದಳು. ಮೂಲೆಯಲ್ಲಿ ರಾಧಾ ಬಾಗಿಲಿಗೆ ಬೆನ್ನು ಹಾಕಿ ಕೂತು ಪ್ಯಾಂಟುಗಳ ದಾರ ಕತ್ತರಿಸುತ್ತಿದ್ದಳು. ಕಣೇಕಲ್ಲಿನಿಂದ ಬಸ್ಸಿಗೆ ಬರುವ ಹುಡುಗಿ. ಹುಟ್ಟಿನಿಂದ ಕಿವಿ ಕೇಳದು. ಭುಜ ಮುಟ್ಟಿದರೆ ತಿರುಗಿ ನಕ್ಕಳು, ಇನ್ನು ಸ್ವಲ್ಪವೇ ಉಳಿದಿದೆ ಎಂದು ರಾಶಿ ತೋರಿಸಿದಳು. ಬಸವರಾಜೇಶ್ವರಿ ಅವಳ ಕೈ ಹಿಡಿದು ಅಂಗಳಕ್ಕೆ ಕರೆತಂದಳು.

ತಪ್ಪು ನನ್ನದು ಎಂದು ಮಾರೇಶರ ಮುಂದೆ ಒಪ್ಪಿಕೊಂಡಳು. ಅವರು ಬೈಯಲಿಲ್ಲ.

"ದಾರಿ ಗೊತ್ತಿದ್ರ ಸಾಲಂಗಿಲ್ರಿ ಮೇಡಂ. ಮಂದಿ ಗೊತ್ತಿರಬೇಕು," ಎಂದರಷ್ಟೇ.

ಮರುದಿನದಿಂದ ಅವಳು ಊಟದ ಡಬ್ಬಿ ಹಿಡಿದು ರಾಧಾಳ ಪಕ್ಕ ಕೂರತೊಡಗಿದಳು. ಬೆಂಕಿ, ಬಗ್ಗು, ಹಿಂದಿನ ಬಾಗಿಲು: ಒಂದೊಂದಕ್ಕೂ ರಾಧಾ ಸನ್ನೆ ಕಲಿಸಿದಳು. ನೋಡನೋಡುತ್ತ ಇಡೀ ಮಹಡಿಯ ಹೆಂಗಸರು ಸುತ್ತ ಸೇರಿ ಸನ್ನೆ ಕಲಿಯತೊಡಗಿದರು. ಗುಂಡಿ ಹಾಕುವ ಶಂಕ್ರಮ್ಮ ಆಗಲೇ ಬಾಯಿಬಿಟ್ಟಿದ್ದು: ಮಂಡಿ ನೋವಿನಿಂದ ತನಗೆ ಬೇಗ ಮೆಟ್ಟಿಲಿಳಿಯಲು ಆಗುವುದಿಲ್ಲವೆಂದು. ಕೆಲಸ ಹೋದೀತೆಂದು ಅಷ್ಟು ದಿನ ಮುಚ್ಚಿಟ್ಟಿದ್ದಳಂತೆ, ಡ್ರಿಲ್ ದಿನವೂ ಹಲ್ಲು ಕಚ್ಚಿ ಇಳಿದಿದ್ದಳಂತೆ. ಗಂಟೆ ಹೊಡೆದಾಗ ಕೈ ಹಿಡಿದು ಇಳಿಸಲೆಂದು ಬಸವರಾಜೇಶ್ವರಿ ಅವಳಿಗೂ ರಾಧಾಳಿಗೂ ಒಬ್ಬೊಬ್ಬ ಜೊತೆಗಾತಿಯನ್ನು ಗೊತ್ತುಮಾಡಿದಳು.

ಈ ಬೇಸಿಗೆಯಲ್ಲಿ ಮುಂದಿನ ಮೆಟ್ಟಿಲ ಪಕ್ಕದ ಇಸ್ತ್ರಿ ಕೋಣೆಯ ವೈರು ನಿಜವಾಗಿಯೂ ಹೊತ್ತಿಕೊಂಡಿತು. ಹೊಗೆ ನುಗ್ಗಿತು. ಗಾಬರಿಯಲ್ಲಿ ಎಲ್ಲರೂ ಮುಂದಿನ ಮೆಟ್ಟಿಲಿಗೇ ಮುಗಿಬಿದ್ದರು. ಬಸವರಾಜೇಶ್ವರಿ ಎಷ್ಟು ಕೂಗಿದರೂ ಆ ಗದ್ದಲದಲ್ಲಿ ಕೇಳಿಸಲಿಲ್ಲ. ಆಗ ಜೊತೆಗಾತಿಯ ಕೈ ಬಿಡಿಸಿಕೊಂಡು ರಾಧಾ ಮೇಜು ಹತ್ತಿದಳು, ಎರಡೂ ಕೈ ಎತ್ತಿ ಹಿಂದಿನ ಬಾಗಿಲಿನ ಸನ್ನೆ ಮಾಡಿದಳು. ಕಂಡವರು ಕಾಣದವರನ್ನು ಎಳೆದುಕೊಂಡು ತಿರುಗಿದರು. ಕೊನೆಗೆ ಬಸವರಾಜೇಶ್ವರಿ ರಾಧಾಳನ್ನು ಇಳಿಸಿಕೊಂಡು ಹೊರಬಂದಳು. ಶಂಕ್ರಮ್ಮ ಆಗಲೇ ಜೊತೆಗಾತಿಯೊಂದಿಗೆ ಅಂಗಳದ ಬೇವಿನ ನೆರಳಲ್ಲಿ ಕೂತಿದ್ದಳು. ತಲೆ ಎಣಿಸಿದರೆ ಎಲ್ಲರೂ ಇದ್ದರು.

ಸುದ್ದಿ ತಿಳಿದು ಮಾರೇಶ ಫೋನ್ ಮಾಡಿದರು. ಅವಳು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು.

ಅವರು ಕೇಳಿದರು: "ನೀವು ನೀರು ಕುಡದ್ರೇನ್ರಿ?"

ಇಲ್ಲವೆಂದು ಅವಳಿಗೆ ಆಗಲೇ ನೆನಪಾದದ್ದು.