ಗಾಳಿಯಿಲ್ಲದ ಲುಬ್ಬೆರ್ಟ್

ರಾಟರ್‌ಡ್ಯಾಮ್ ಬಂದರಿನ ಹಿಂದಿನ ಓಣಿಯಲ್ಲಿ ಲುಬ್ಬೆರ್ಟ್ ಎಂಬ ಚಿತ್ರಗಾರನಿದ್ದ. ಅವನು ಬರೆಯುತ್ತಿದ್ದುದು ಕಡಲನ್ನು, ಅದೂ ಮಲಗಿದ ಕಡಲನ್ನು ಮಾತ್ರ. ಬೂದು ನೀರು, ಬೂದು ಆಕಾಶ, ನಡುವೆ ಹಾಯಿ ಜೋತುಬಿಟ್ಟ ಒಂದೆರಡು ದೋಣಿ. ಓಣಿಯವರು ಅವನನ್ನು ಗಾಳಿಯಿಲ್ಲದ ಲುಬ್ಬೆರ್ಟ್ ಎಂದೇ ಕರೆಯುತ್ತಿದ್ದರು. ಅವನಿಗೆ ಅದರಿಂದ ಬೇಸರವೇನೂ ಇರಲಿಲ್ಲ. ಅಪ್ಪ, ಚಿಕ್ಕಪ್ಪ ಇಬ್ಬರೂ ಹೆರಿಂಗ್ ಮೀನಿನ ಬೆನ್ನುಹತ್ತಿ ಹೋಗಿ ನೀರುಪಾಲಾದವರು. ಗಾಳಿ ಎದ್ದರೆ ಕಿಟಕಿ ಮುಚ್ಚಿ ಕೂರುವ ಈ ಮನುಷ್ಯ ಜನ್ಮದಲ್ಲಿ ಹಡಗು ಹತ್ತಿದವನಲ್ಲ. ಕಟ್ಟೆಯ ಮೇಲೆ ಕುಳಿತೇ ಹಡಗಿನ ಹಗ್ಗ ಹಗ್ಗವನ್ನೂ ಕಲಿತಿದ್ದ.

ಹಣೆಬರಹ ನೋಡಿ, ಇಂಥವನಿಗೆ ಹುಟ್ಟಿದ ಒಬ್ಬನೇ ಮಗ ಟೈಮನ್‌ಗೆ ಕಡಲಿನ ಹುಚ್ಚು. ತಾಯಿ ವೈಂಟ್ಯೆ ಅತ್ತಳು, ಅಪ್ಪ ಊಟ ಬಿಟ್ಟ, ಹುಡುಗ ಜಗ್ಗಲಿಲ್ಲ. ವಸಂತದಲ್ಲಿ ಗೋಧಿ ತರಲು ದೂರದ ಬಂದರು ಡಾಂಜಿಗ್‌ಗೆ ಹೊರಟ ಹಡಗಿನಲ್ಲಿ ಖಲಾಸಿಯಾಗಿ ಹೋದ. ಹೊಟ್ಟೆ ದಪ್ಪಗಿನ ಹಳೆಯ ಹಡಗು, ಹಿಂದಿನ ಹಾಯಿಗೊಂದು ಕಂದು ತೇಪೆ.

ಅದೇ ವರ್ಷ ಜನರ ರುಚಿಯೂ ಬದಲಾಯಿತು. ಇಲ್ಲಿ ಚಿತ್ರಗಾರರಿಗೆ ಒಬ್ಬೊಬ್ಬರಿಗೆ ಒಂದೊಂದು ಕಸುಬು. ಹಸು ಬರೆಯುವವನು ಸಾಯುವವರೆಗೂ ಹಸುವನ್ನೇ ಬರೆಯುತ್ತಾನೆ, ಸುಲಿದ ನಿಂಬೆಹಣ್ಣಿನವನು ನಿಂಬೆಹಣ್ಣನ್ನೇ. ಹೆಂಡದಂಗಡಿಯ ಕುಡುಕರನ್ನು ಬರೆಯುವವನ ಕೈಗೆ ಯಾರೂ ತಮ್ಮ ಹೆಂಡತಿಯ ಮುಖ ಬರೆಯಲು ಕೊಡುವುದಿಲ್ಲ. ಆದರೆ ಈಗ ಬೂದು ಕಡಲನ್ನು ಕೇಳುವವರೇ ಇಲ್ಲವಾದರು. ಎಲ್ಲರಿಗೂ ಬಿರುಗಾಳಿ ಬೇಕು, ಬಂಡೆಗೆ ಬಡಿಯುವ ಹಡಗು ಬೇಕು. ಹಾಲೆಂಡಿನ ಕರಾವಳಿಯಲ್ಲಿ ದೀಪ ಹಿಡಿದು ಹುಡುಕಿದರೂ ಒಂದು ಬಂಡೆ ಸಿಗದು, ಆದರೂ ಗೋಡೆಯ ಮೇಲೆ ಬಂಡೆ ಇರಲೇಬೇಕು. ಬೆಚ್ಚಗಿನ ಮನೆಯಲ್ಲಿ ಕೂತವರಿಗೆ ಬೇರೆಯವರ ಸಾವು ನೋಡಲು ಚೆಂದ. ಚಿತ್ರ ಮಾರುವ ಕ್ರಿಸ್ಪೈನ್ ಬಂದು, ಬಿಯರ್ ಕುದಿಸುವ ಸಾಹುಕಾರನೊಬ್ಬನಿಗೆ ಬಿರುಗಾಳಿಯ ಚಿತ್ರ ಒಪ್ಪಿಕೊಂಡಿದ್ದೇನೆ, ಬರೆದುಕೊಟ್ಟರೆ ಸರಿ, ಇಲ್ಲದಿದ್ದರೆ ಇನ್ನು ಈ ಮೆಟ್ಟಿಲು ಹತ್ತುವುದಿಲ್ಲ ಎಂದು ಹೇಳಿಹೋದ.

ಲುಬ್ಬೆರ್ಟ್ ಮೂರು ದಿನ ಕುಂಚ ಮುಟ್ಟಲಿಲ್ಲ. ಆಮೇಲೆ ಓಕ್ ಹಲಗೆಯ ಮೇಲೆ ಕಪ್ಪು ಆಕಾಶ ಬಳಿದ, ತೆರೆ ಎಬ್ಬಿಸಿದ, ಬಂಡೆ ಇಟ್ಟ. ಹಡಗನ್ನು ಬರೆಯುವಾಗ ಕಣ್ಣು ಅರ್ಧ ಮುಚ್ಚಿಕೊಂಡೇ ಇದ್ದ ಅಂತ ಕಾಣುತ್ತದೆ. ಗಂಜಿ ತಂದ ವೈಂಟ್ಯೆ ಚಿತ್ರ ನೋಡಿ ಅಲ್ಲೇ ನಿಂತಳು. ಹಡಗಿನ ಹಿಂದಿನ ಹಾಯಿಗೆ ಕಂದು ತೇಪೆ ಇತ್ತು.

"ಇದು ನಮ್ಮ ಟೈಮನ್ ಹಡಗು," ಅಂದಳು.

ಲುಬ್ಬೆರ್ಟ್ ಥಟ್ಟನೆ ಎದ್ದ. ಹಸಿ ಬಣ್ಣ ಕೆರೆದುಹಾಕಲು ಚಾಕು ತೆಗೆದುಕೊಂಡ. ಅವಳು ಕೈ ಹಿಡಿದುಕೊಂಡಳು.

"ಬೇಡ ಕಣ್ರೀ. ನೀರಿನ ಮೇಲಿಂದ ಕೆರೆದು ತೆಗೆದ್ರೆ, ಮುಳುಗಿಸಿದ ಹಾಗೇ ಅಲ್ವಾ?"

ಅತ್ತ ದರಿ ಇತ್ತ ಪುಲಿ ಎಂಬಂತಾಯಿತು. ಹಡಗನ್ನು ಬಂಡೆಯ ಮುಂದೆ ಬಿಡುವಂತಿಲ್ಲ, ತೆಗೆಯುವಂತೆಯೂ ಇಲ್ಲ. ಚಿತ್ರದಲ್ಲಿ ಶಕ್ತಿ ಇದೆಯೆಂದು ನಂಬುವುದು ಪಾಪ ಎಂದು ಪಾದ್ರಿ ಭಾನುವಾರ ಗುಡುಗಿದಾಗ ಇಬ್ಬರೂ ತಲೆದೂಗಿದರು, ಮನೆಗೆ ಬಂದು ಮತ್ತೆ ಅದರ ಮುಂದೆಯೇ ನಿಂತರು. ಕೊನೆಗೆ ಲುಬ್ಬೆರ್ಟ್‌ಗೆ ಒಂದೇ ದಾರಿ ಕಂಡಿತು. ಹಡಗನ್ನು ಮುಟ್ಟದೆ, ಸುತ್ತಲಿನ ಬಿರುಗಾಳಿಯನ್ನೇ ಇಳಿಸುವುದು.

ಮೊದಲು ಬಂಡೆಯನ್ನು ಮುಚ್ಚಿದ. ಆಮೇಲೆ ದಿನಕ್ಕೊಂದು ತೆರೆಯನ್ನು ಬೂದು ಬಣ್ಣದಲ್ಲಿ ಮಲಗಿಸತೊಡಗಿದ. ಅವಳು ಪಕ್ಕದಲ್ಲಿ ಕೂತು, ಎಡಗಡೆಯದು ಇನ್ನೂ ಎತ್ತರ ಇದೆ ಎನ್ನುವಳು. ಆದರೆ ಅವನ ಬೂದು ಯಾವಾಗಲೂ ತೆಳು. ಸಂಜೆ ಮಲಗಿಸಿದ ತೆರೆ ಬೆಳಿಗ್ಗೆ ನೋಡಿದರೆ ಅಡಿಯಿಂದ ಕಪ್ಪಗೆ ಮತ್ತೆ ಎದ್ದಿರುತ್ತಿತ್ತು. ಹಾಗೆ ಎದ್ದಿದ್ದನ್ನು ಮೊದಲ ಸಲ ಕಂಡ ದಿನ ಲುಬ್ಬೆರ್ಟ್ ಮಗುವಿನ ಹಾಗೆ ಅತ್ತುಬಿಟ್ಟ. ತೆಳು ಬಣ್ಣ ಒಣಗಿದರೆ ಅಡಿಯ ಕಪ್ಪು ಇಣುಕುತ್ತದೆಂದು ಅವನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಭಯಕ್ಕೆ ಮಾತ್ರ ಅದು ಗೊತ್ತಿರಲಿಲ್ಲ.

ಶರತ್ಕಾಲ ಮುಗಿಯುತ್ತ ಬಂತು. ಗೋಧಿಯ ಹಡಗುಗಳು ಒಂದೊಂದಾಗಿ ಬಂದರು ಸೇರಿದವು, ಟೈಮನ್ ಹಡಗೊಂದನ್ನು ಬಿಟ್ಟು. ಹಾಯಿ ಕಟ್ಟುವ ಕೂವೆಮರ ಮುರಿದುಕೊಂಡು ಬಂದ ಒಂದು ಹಡಗಿನವರು, ಡೆನ್ಮಾರ್ಕಿನ ಹತ್ತಿರ ಭಾರಿ ಗಾಳಿ ಸಿಕ್ಕಿತು, ಆಮೇಲೆ ಆ ಹಡಗನ್ನು ನಾವು ಕಾಣಲಿಲ್ಲ ಎಂದರು. ಅಂದಿನಿಂದ ಲುಬ್ಬೆರ್ಟ್ ಚಿತ್ರ ಬಿಟ್ಟು ಏಳಲೇ ಇಲ್ಲ. ಬಾಗಿಲು ಬಡಿದರೆ ತೆರೆಯಲು ಇಬ್ಬರಿಗೂ ಅಂಜಿಕೆ. ಒಂದು ದಿನ ಬಡಿದವನು ಕ್ರಿಸ್ಪೈನ್.

"ಅಲ್ಲಯ್ಯಾ, ನಾನು ಬಿರುಗಾಳಿ ಕೇಳಿದ್ರೆ ನೀನು ಬಾತುಕೋಳಿ ಕೊಳ ಮಾಡಿಟ್ಟಿದ್ದೀಯಲ್ಲ," ಎಂದು ನಕ್ಕ. ಗಂಡಹೆಂಡಿರ ಮುಖ ನೋಡಿದ ಮೇಲೆ ನಗು ನಿಂತಿತು. ಟೋಪಿ ತೆಗೆದುಕೊಂಡು ಹೊರಟುಹೋದ, ಮತ್ತೆ ಬರಲಿಲ್ಲ.

ಚಿತ್ರ ಮುಗಿಯಿತು. ಕನ್ನಡಿಯಂಥ ನೀರು, ನಡುವೆ ತೇಪೆಯ ಹಾಯಿಯ ಹಡಗು, ದಿಗಂತದಲ್ಲಿ ತೆಳು ಬಿಸಿಲು. ಕಾಲುವೆಗಳಲ್ಲಿ ಹಿಮ ಕಟ್ಟಲು ಶುರುವಾದ ವಾರ ಟೈಮನ್ ಮನೆಗೆ ಬಂದ.

ವೈಂಟ್ಯೆ ಅವನ ಮುಖ ಕೈ ಎಲ್ಲ ಸವರಿದಳು, ಬೆಂಕಿಯ ಹತ್ತಿರ ಕೂರಿಸಿ ಬಟಾಣಿ ಸಾರು ಬಡಿಸಿದಳು. ಹುಡುಗ ಸೊರಗಿದ್ದ, ಮಾತು ಕಡಿಮೆಯಾಗಿತ್ತು. ಅವಳಿಗೆ ತಡೆಯಲಾಗಲಿಲ್ಲ. ಹಲಗೆಯನ್ನು ಎತ್ತಿ ತಂದು ಅವನ ಮುಂದೆ ಹಿಡಿದು, ನಿಮ್ಮಪ್ಪ ನಿನಗೋಸ್ಕರ ಒಂದೊಂದೇ ತೆರೆ ಇಳಿಸಿದರು ಎಂದಳು.

ಟೈಮನ್ ನೋಡಿದ. ಚಮಚ ಕೆಳಗಿಟ್ಟ.

"ಅಮ್ಮ, ಅದನ್ನ ಆಕಡೆ ತಿರುಗಿಸು."

"ಯಾಕೋ? ಗಾಳಿ ಎಲ್ಲಿದೆ ಇದರಲ್ಲಿ?"

"ಗಾಳೀಲಿ ಹೆದರಿಕೆ ಆಗ್ಲಿಲ್ಲಮ್ಮ, ಕೈತುಂಬ ಕೆಲಸ ಇತ್ತು. ಮಾರನೇ ಬೆಳಿಗ್ಗೆ ನೀರು ಹೀಗೇ ಇತ್ತು, ಒಂದು ಸದ್ದಿಲ್ಲ. ಆವಾಗ ಒಬ್ಬೊಬ್ಬರ ಹೆಸರು ಹಿಡಿದು ಕೂಗಿದ್ರು. ನಾಲ್ಕು ಜನ ಓಗೊಡ್ಲಿಲ್ಲ."

ಲುಬ್ಬೆರ್ಟ್ ವೈಂಟ್ಯೆಯ ಕೈಯಿಂದ ಹಲಗೆ ತೆಗೆದುಕೊಂಡು ಗೋಡೆಗೆ ಮುಖ ಮಾಡಿ ಒರಗಿಸಿದ. ತಿರುಗಿ ನೋಡಿದರೆ ಮಗ ತಟ್ಟೆಯಿಂದ ಕಣ್ಣೆತ್ತುತ್ತಿರಲಿಲ್ಲ. ಅವನ ತಲೆಯ ಮೇಲೆ, ಬಾಗಿಲ ಪಕ್ಕ, ಒಲೆಯ ಆಚೆ, ಮಾರಾಟವಾಗದೆ ಉಳಿದ ಚಿತ್ರಗಳು ಸಾಲಾಗಿ ತೂಗುತ್ತಿದ್ದವು. ಎಲ್ಲದರಲ್ಲೂ ಅದೇ ನೀರು. ಲುಬ್ಬೆರ್ಟ್ ಸ್ಟೂಲು ಎಳೆದುಕೊಂಡು ಹತ್ತಿ, ಸದ್ದಾಗದ ಹಾಗೆ, ಒಂದೊಂದನ್ನೇ ಗೋಡೆಯ ಕಡೆ ತಿರುಗಿಸತೊಡಗಿದ.